ನೋವು ಎಲ್ಲಿ ಹುಟ್ಟುತ್ತದೆ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಸಮೀಪದಲ್ಲಿ, ಗೌರಸಮುದ್ರವೆಂಬ ಗ್ರಾಮವಿದೆ. ಉಳಿದ ದಿನಗಳಲ್ಲಿ ಅದು ಬಯಲುಸೀಮೆಯ ಹತ್ತು ಹಳ್ಳಿಗಳಲ್ಲಿ ಒಂದು ಹಳ್ಳಿ. ಭಾದ್ರಪದದಲ್ಲಿ ಮಾರಮ್ಮನ ಜಾತ್ರೆ ಬಂದಾಗ ಮಾತ್ರ ಗಡಿಯ ಎರಡೂ ಕಡೆಯಿಂದ ಬರುವ ಜನಕ್ಕೆ ಅಲ್ಲಿ ಕಾಲಿಡಲು ಜಾಗ ಸಾಲದು. ಬೇವಿನ ಸೊಪ್ಪನ್ನೇ ಸೀರೆಯಂತೆ ಮೈಗೆ ಸುತ್ತಿಕೊಂಡು ಹರಕೆ ಒಪ್ಪಿಸುವವರುಂಟು. ದೇವಿಯನ್ನು ಊರ ಹೊರಗಿನ ಬಯಲಿಗೆ ಬಿಜಯ ಮಾಡಿಸಿದಾಗ ಭಕ್ತರು ಆಕೆಯ ಕಡೆಗೆ ಈರುಳ್ಳಿಯನ್ನು ತೂರುತ್ತಾರೆ; ಕೋಳಿಗಳನ್ನು ತೂರುವುದೂ ಉಂಟು. ಈರುಳ್ಳಿ ಆ ಸೀಮೆಯ ಮುಖ್ಯ ಬೆಳೆಗಳಲ್ಲೊಂದು. ಬೆಳೆ ಚೆನ್ನಾಗಿ ಬರಲೆಂದು ತೂರುವವರು ಕೆಲವರಾದರೆ, ಮೈಮೇಲಿನ ಹುಣ್ಣು, ಗಾಯ, ನವೆಗಳು ಮಾಯಲೆಂದು ಹರಕೆ ಹೊತ್ತು ತೂರುವವರು ಇನ್ನು ಕೆಲವರು. ಒಟ್ಟಿನಲ್ಲಿ ಮೈಯ ಸಂಕಟವನ್ನು ತಾಯಿಯ ಮುಂದೆ ಇಳಿಸಿ ಹೋಗಲು ಬಂದ ಜನ ಅದು.

ಅಷ್ಟೊಂದು ಈರುಳ್ಳಿ ನೆಲಕ್ಕೆ ಬಿದ್ದು ಅಷ್ಟೊಂದು ಕಾಲುಗಳ ಕೆಳಗೆ ಜಜ್ಜಿಹೋದರೆ ಕಣ್ಣು ಉರಿಯದಿರುವುದುಂಟೆ? ಈ ಉರಿಯಿಂದಲೇ ಇಂದಿನ ವಿಚಾರವನ್ನು ಆರಂಭಿಸಬಹುದು. ಏಕೆಂದರೆ ಈರುಳ್ಳಿಯ ಘಾಟನ್ನು ವಾಸನೆಯೆಂದು ಭಾವಿಸುವವರೇ ಹೆಚ್ಚು. ಮೂಗನ್ನು ಬಿಗಿಯಾಗಿ ಹಿಡಿದು ಈರುಳ್ಳಿ ಹೆಚ್ಚಿದರೂ ಕಣ್ಣು ಉರಿಯುತ್ತದೆ ಎಂಬುದು ಅಡಿಗೆಮನೆಯ ಯಾವ ಗೃಹಿಣಿಗೂ ತಿಳಿದ ಸಂಗತಿ. ಅದು ವಾಸನೆಯಾಗಿದ್ದರೆ ಹಾಗಾಗುತ್ತಿರಲಿಲ್ಲ. ಅದು ನೋವು, ಹೆಸರು ಬೇರೆಯಾದರೂ ಜಾತಿ ಒಂದೇ.

ಇಡಿಯಾದ ಈರುಳ್ಳಿ ಯಾರನ್ನೂ ಅಳಿಸುವುದಿಲ್ಲ. ಅದನ್ನು ಹೆಚ್ಚಿದಾಗ ಅಥವಾ ಜಜ್ಜಿದಾಗ ಅದರ ಜೀವಕೋಶಗಳು ಒಡೆಯುತ್ತವೆ. ಒಳಗೆ ಬೇರೆಬೇರೆ ಕೋಣೆಗಳಲ್ಲಿದ್ದ ವಸ್ತುಗಳು ಒಂದರೊಡನೊಂದು ಬೆರೆತು ಗಂಧಕದ ಅಂಶವುಳ್ಳ ಒಂದು ಆವಿ ಹುಟ್ಟುತ್ತದೆ. ಈ ಆವಿಯನ್ನು ಹುಟ್ಟಿಸುವ ವಿಶೇಷ ಕಿಣ್ವವೊಂದು ಈರುಳ್ಳಿಯಲ್ಲಿದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ಕಂಡುಹಿಡಿದರು. ಆವಿಯು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು ಮುಟ್ಟುತ್ತದೆ. ಚರ್ಮದಲ್ಲಿರುವುದಕ್ಕಿಂತ ನೂರಾರು ಪಟ್ಟು ದಟ್ಟವಾಗಿ ನೋವಿನ ನರತಂತುಗಳು ಆ ಪೊರೆಯಲ್ಲಿ ಹರಡಿಕೊಂಡಿವೆ. ಕಣ್ಣಿಗೆ ಬಿದ್ದ ಒಂದು ಧೂಳಿನ ಕಣ ಮನುಷ್ಯನನ್ನು ಕುಣಿಸಿಬಿಡುವುದು ಇದರಿಂದಲೇ. ತಂತುಗಳು ಸುದ್ದಿ ಕಳುಹಿಸಿದ ಒಡನೆಯೇ ಕಣ್ಣೀರು ಹರಿದು ಘಾಟನ್ನು ತೊಳೆಯುತ್ತದೆ. ದುಃಖವಿಲ್ಲದೆ ಸುರಿಯುವ ಈ ಕಣ್ಣೀರು ದೇಹದ ಕಾವಲು ಪಡೆ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಹಾಗಾದರೆ ಒಂದು ಆವಿ ಬಂದು ಮುಟ್ಟಿದ್ದು ನರತಂತುವಿಗೆ ತಿಳಿಯುವುದು ಹೇಗೆ? ಈ ತಂತುಗಳ ತುದಿಗಳು ಮರದ ಬೇರಿನ ಕೊನೆಗಳಂತೆ ಕವಲೊಡೆದು ಚರ್ಮದಲ್ಲಿಯೂ ಕಣ್ಣಿನಲ್ಲಿಯೂ ಹಲ್ಲಿನ ತಿರುಳಿನಲ್ಲಿಯೂ ಕೀಲುಗಳಲ್ಲಿಯೂ ಬರಿಮೈಯಾಗಿ ನಿಂತಿರುತ್ತವೆ. ಅವುಗಳ ಮೈಮೇಲೆ ಅತಿಸೂಕ್ಷ್ಮವಾದ ಬಾಗಿಲುಗಳಿವೆ. ಒಂದು ಬಾಗಿಲು ಕಾವಿಗೆ ತೆರೆಯುತ್ತದೆ, ಇನ್ನೊಂದು ಕೊರೆಯುವ ಚಳಿಗೆ, ಮತ್ತೊಂದು ಒತ್ತಡಕ್ಕೆ, ಬೇರೊಂದು ಘಾಟಿನ ವಸ್ತುಗಳಿಗೆ. ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆಗಳ ಘಾಟು ಒಂದೇ ಬಾಗಿಲನ್ನು ತಟ್ಟುತ್ತದೆಂದು ಈಗ ತಿಳಿದುಬಂದಿದೆ. ಬಾಗಿಲು ತೆರೆದರೆ ಹೊರಗಿನ ಲವಣದ ಕಣಗಳು ಒಳಗೆ ನುಗ್ಗುತ್ತವೆ; ಅವು ವಿದ್ಯುತ್ತಿನ ಅಂಶವುಳ್ಳವು. ಆಗ ಹುಟ್ಟಿದ ಸಣ್ಣ ವಿದ್ಯುತ್ ಕಂಪನ ತಂತುವಿನ ಉದ್ದಕ್ಕೂ ಓಡುತ್ತದೆ. ದೇಹದೊಳಗೆ ಓಡುವ ತಂತಿ ಸುದ್ದಿ ಇದೇ.

ಮೆಣಸಿನಕಾಯಿಯ ಕಥೆ ಇನ್ನೂ ಸ್ವಾರಸ್ಯವಾದುದು. ಖಾರವನ್ನು ಆರು ರಸಗಳಲ್ಲಿ ಒಂದೆಂದು ನಮ್ಮ ಹಿರಿಯರು ಎಣಿಸಿದರು. ಆದರೆ ಖಾರ ತಿಂದವನು ‘ಬಾಯಿ ಉರಿಯುತ್ತದೆ’ ಎನ್ನುತ್ತಾನೆ. ಕೆಂಡ ಮುಟ್ಟಿದವನೂ ‘ಕೈ ಉರಿಯುತ್ತದೆ’ ಎನ್ನುತ್ತಾನೆ. ಕನ್ನಡದ ಮಾತಿನಲ್ಲಿ ಇವೆರಡಕ್ಕೂ ಒಂದೇ ಪದ ಬಂದದ್ದು ಬರಿಯ ಆಕಸ್ಮಿಕವಲ್ಲವೆಂದು 1997ರಲ್ಲಿ ಸಿದ್ಧವಾಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಯೂ ಆತನ ಸಹೋದ್ಯೋಗಿಗಳೂ ಮೆಣಸಿನಕಾಯಿಯ ಸತ್ವವು ನರತಂತುವಿನ ಯಾವ ಬಾಗಿಲನ್ನು ತೆರೆಯುತ್ತದೆ ಎಂದು ಹುಡುಕಹೊರಟರು. ಸಿಕ್ಕಿದ ಬಾಗಿಲು ಖಾರಕ್ಕೂ ತೆರೆಯುತ್ತಿತ್ತು, ಸುಮಾರು 43 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಬಿಸಿಗೂ ತೆರೆಯುತ್ತಿತ್ತು. ಚರ್ಮಕ್ಕೆ ಅಪಾಯ ಆರಂಭವಾಗುವ ಬಿಸಿ ಸುಮಾರಾಗಿ ಅದೇ. ಎಂದರೆ ಮೆಣಸಿನಕಾಯಿ ನಾಲಗೆಯನ್ನು ನಿಜವಾಗಿ ಸುಡುವುದಿಲ್ಲ. ಸುಡುತ್ತಿದೆಯೆಂದು ನರವನ್ನು ನಂಬಿಸುತ್ತದೆ. ನಂಬಿದ ದೇಹ ಬೆವರುತ್ತದೆ, ಮೂಗು ಸುರಿಯುತ್ತದೆ, ನೆತ್ತಿ ಬಿಸಿಯಾಗುತ್ತದೆ. ಈ ಸಂಶೋಧನೆಗಾಗಿ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಒತ್ತಡಕ್ಕೆ ತೆರೆಯುವ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರು ಅದರಲ್ಲಿ ಪಾಲುದಾರರು.

ಖಾರ ಹತ್ತಿದಾಗ ನೀರು ಕುಡಿದರೆ ಉರಿ ಆರುವುದಿಲ್ಲ, ಏಕೆಂದರೆ ಆ ಸತ್ವ ನೀರಿನಲ್ಲಿ ಕರಗದು. ಮಜ್ಜಿಗೆ, ಮೊಸರು, ಹಾಲುಗಳು ಅದನ್ನು ಹಿಡಿದು ಒಯ್ಯುತ್ತವೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬಹುದು. ಪಕ್ಷಿಗಳಲ್ಲಿಯೂ ಬಿಸಿಗೆ ತೆರೆಯುವ ಇಂಥ ಬಾಗಿಲುಂಟು. ಆದರೆ ಅದರ ರಚನೆ ತುಸು ಬೇರೆಯಾಗಿರುವುದರಿಂದ ಖಾರ ಅದನ್ನು ತೆರೆಯಲಾರದು. ಗೌರಸಮುದ್ರದ ಬಯಲಿನಲ್ಲಿ ಗಾಳಿಗೆ ಹಾರಿಸಲ್ಪಟ್ಟ ಕೋಳಿಗೆ ಹಿಡಿ ಮೆಣಸಿನಕಾಯಿ ಹಾಕಿದರೆ ನಿಶ್ಚಿಂತೆಯಿಂದ ತಿಂದೀತು. ಅದಕ್ಕೆ ಬೇರೆ ಭಯಗಳಿವೆ, ಖಾರದ ಭಯವಿಲ್ಲ.

ಇನ್ನು ಮುಳ್ಳಿಗೆ ಬರೋಣ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬೀಡುಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿ ಕುಳಿತಿದೆ. ಕುರಿಗಳ ಹಿಂದೆ ಬರಿಗಾಲಿನಲ್ಲಿ ಓಡುವ ಹುಡುಗನೊಬ್ಬ ಅದರ ಮುಳ್ಳನ್ನು ತುಳಿದನೆಂದು ಭಾವಿಸೋಣ. ಆಗ ನಡೆಯುವ ವ್ಯಾಪಾರಗಳು ಮೂರು. ಮೊದಲನೆಯದಾಗಿ ಕಾಲು ತಾನಾಗಿಯೇ ಮೇಲಕ್ಕೆ ಹಾರುತ್ತದೆ. ಹುಡುಗನು ‘ನೋವಾಯಿತು, ಕಾಲೆತ್ತಬೇಕು’ ಎಂದು ಯೋಚಿಸಿ ಎತ್ತಿದ್ದಲ್ಲ. ಸುದ್ದಿ ಇನ್ನೂ ಮಿದುಳನ್ನು ಮುಟ್ಟಿಯೇ ಇಲ್ಲ. ಬೆನ್ನುಹುರಿಯೇ ತನ್ನ ಅಧಿಕಾರದಿಂದ ಆಜ್ಞೆ ಹೊರಡಿಸಿದೆ. ಹಳ್ಳಿಗೆ ಬೆಂಕಿ ಬಿದ್ದಾಗ ಪಟೇಲನು ರಾಜಧಾನಿಯ ಅಪ್ಪಣೆಗೆ ಕಾಯುತ್ತಾನೆಯೆ? ಎರಡನೆಯದಾಗಿ ‘ಚುಳ್’ ಎಂದು ಒಂದು ಇರಿತ ಬರುತ್ತದೆ. ಮುಳ್ಳು ಇಂಥ ಕಡೆಯೇ ಚುಚ್ಚಿತೆಂದು ಬೆರಳಿಟ್ಟು ತೋರಿಸಬಹುದಾದ ನೋವು ಅದು. ಮೂರನೆಯದು, ಒಂದು ಉಸಿರಿನ ಅಂತರ ಬಿಟ್ಟು, ಮೆಲ್ಲನೆ ಹರಡಿಕೊಂಡು ಬರುವ ಮೊಂಡು ನೋವು. ಅದು ಬೇಗ ಹೋಗುವುದೂ ಇಲ್ಲ.

ಈ ಎರಡು ನೋವುಗಳಿಗೆ ಎರಡು ಬಗೆಯ ತಂತುಗಳಿವೆ. ಒಂದು ಬಗೆಯದು ತೆಳುವಾದ ಕೊಬ್ಬಿನ ಕವಚವುಳ್ಳದ್ದು. ಅದರಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುತ್ತದೆ. ಇನ್ನೊಂದು ಕವಚವಿಲ್ಲದ, ಕೂದಲಿಗಿಂತ ಎಷ್ಟೋ ಸಣ್ಣ ತಂತು; ಅದರಲ್ಲಿ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್, ಸುಮಾರಾಗಿ ಮನುಷ್ಯನ ನಡಿಗೆ. ಬೆಳೆದ ಮನುಷ್ಯನ ಅಂಗಾಲಿನಿಂದ ತಲೆಗೆ ಒಂದೂವರೆ ಮೀಟರ್ ದೂರವೆಂದಿಟ್ಟುಕೊಂಡರೆ, ಮೊದಲ ಸುದ್ದಿ ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತದೆ. ಎರಡನೆಯದು ಒಂದೂವರೆ ಸೆಕೆಂಡಿನಷ್ಟು ತಡವಾಗಿ ಬರುತ್ತದೆ. ಮಂಚದ ಕಾಲಿಗೆ ಕಿರುಬೆರಳನ್ನು ತಾಗಿಸಿಕೊಂಡವರಿಗೆಲ್ಲ ಈ ನಡುವಿನ ಕ್ಷಣದ ಪರಿಚಯವಿದೆ. ದೊಡ್ಡ ನೋವು ಇನ್ನೂ ದಾರಿಯಲ್ಲಿದೆ ಎಂದು ಗೊತ್ತಿದ್ದು, ಹಲ್ಲು ಕಚ್ಚಿ ಕಾಯುವ ಕ್ಷಣ ಅದು!

ಸುದ್ದಿ ಹೀಗೆ ಓಡುವುದಕ್ಕೆ ತಂತುವಿನ ಉದ್ದಕ್ಕೂ ಸೋಡಿಯಂ ಕಣಗಳ ಬಾಗಿಲುಗಳು ಒಂದಾದಮೇಲೊಂದು ತೆರೆದು ಮುಚ್ಚಬೇಕು. ಹಲ್ಲಿನ ವೈದ್ಯರು ಒಸಡಿಗೆ ಚುಚ್ಚುವ ಮದ್ದು ಈ ಬಾಗಿಲುಗಳನ್ನು ತೆರೆಯಗೊಡುವುದಿಲ್ಲ. ಆದುದರಿಂದ ಹಲ್ಲನ್ನು ಕಿತ್ತರೂ ಸುದ್ದಿ ಹೊರಡದು. ಬಯಲುಸೀಮೆಯ ಕಲ್ಲಿನ ಸಂದುಗಳಲ್ಲಿ ಅಡಗಿರುವ ಕೆಂಪು ಚೇಳು ಇದಕ್ಕೆ ತದ್ವಿರುದ್ಧವಾದ ವೈದ್ಯ. ಅದರ ವಿಷ ಇವೇ ಬಾಗಿಲುಗಳನ್ನು ಮುಚ್ಚಗೊಡದೆ ಹಿಡಿಯುತ್ತದೆ. ಕುಟುಕಿದ್ದು ಒಂದೇ ಸಲವಾದರೂ ನರವು ಗಂಟೆಗಟ್ಟಲೆ ಕೂಗುತ್ತಲೇ ಇರುವುದು ಇದರಿಂದ.

ಇಲ್ಲಿಯವರೆಗಿನ ವಿವರಣೆಯನ್ನು ಓದಿದವರಿಗೆ, ನೋವೆಂದರೆ ಗಾಯದಿಂದ ಹೊರಟು ಮಿದುಳಿಗೆ ಮುಟ್ಟುವ ಒಂದು ತಂತಿಯಂತೆ, ಇಷ್ಟು ಗಾಯಕ್ಕೆ ಇಷ್ಟು ನೋವು ಎಂದು ತೋರಬಹುದು. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟೆಯೂ ಹಾಗೆಯೇ ತಿಳಿದಿದ್ದನು. ಆತನು ತೀರಿಕೊಂಡ ಮೇಲೆ 1664ರಲ್ಲಿ ಅಚ್ಚಾದ ಗ್ರಂಥದಲ್ಲಿ ಒಂದು ಚಿತ್ರವಿದೆ. ಬೆಂಕಿಯ ಬಳಿ ಕಾಲು ಚಾಚಿದ ಹುಡುಗ, ಪಾದದಿಂದ ತಲೆಯವರೆಗೆ ಒಂದು ದಾರ. ಹಗ್ಗದ ಈ ತುದಿ ಎಳೆದರೆ ಆ ತುದಿಯಲ್ಲಿ ಗಂಟೆ ಬಾರಿಸಿದಂತೆ ನೋವು ಎಂಬುದು ಆತನ ಮತ. ಮುನ್ನೂರು ವರ್ಷಗಳ ಕಾಲ ಈ ಮತಕ್ಕೆ ದೊಡ್ಡ ಎದುರಾಳಿಯಿರಲಿಲ್ಲ. ಆದರೆ ಅನುಭವ ಅದಕ್ಕೆ ಒಗ್ಗುವುದಿಲ್ಲ. ಮುಳ್ಳು ಚುಚ್ಚಿದ ಹುಡುಗನು ಮೊದಲು ಮಾಡುವ ಕೆಲಸವೇನು? ಚುಚ್ಚಿದ ಕಡೆಯ ಸುತ್ತಲೂ ಒತ್ತಿ ಉಜ್ಜಿಕೊಳ್ಳುತ್ತಾನೆ. ಮಗು ಬಿದ್ದಾಗ ತಾಯಿ ಪೆಟ್ಟಾದ ಕಡೆ ಸವರಿ ‘ಉಫ್’ ಎಂದು ಊದುತ್ತಾಳೆ. ಸಿಡುಬು, ದಡಾರಗಳು ಎದ್ದ ಮನೆಯಲ್ಲಿ ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪಿನಿಂದ ಮೈಯನ್ನು ಮೃದುವಾಗಿ ಸವರುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡುಬಂದದ್ದು 1975ರಲ್ಲಿ. ರೋಗ ತೊಲಗಿದರೂ ಮಾರಮ್ಮನ ಜಾತ್ರೆಯಲ್ಲಿ ಬೇವು ಉಳಿದುಕೊಂಡಿದೆ.

ಸವರಿದರೆ ಗಾಯ ಚಿಕ್ಕದಾಗುವುದಿಲ್ಲ. ಹಾಗಿದ್ದೂ ನೋವು ತಗ್ಗುವುದೇಕೆ? 1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಇದಕ್ಕೆ ಒಂದು ಉತ್ತರ ಕೊಟ್ಟರು. ಬೆನ್ನುಹುರಿಯಲ್ಲಿ ಸುಂಕದ ಕಟ್ಟೆಯಂಥ ಒಂದು ದ್ವಾರವಿದೆ. ಚರ್ಮದಿಂದ ಬರುವ ಸ್ಪರ್ಶದ ಸುದ್ದಿ ದಪ್ಪ ತಂತುಗಳಲ್ಲಿ ವೇಗವಾಗಿ ಬಂದು ಆ ದ್ವಾರವನ್ನು ಅರೆಮುಚ್ಚುತ್ತದೆ, ಸಣ್ಣ ತಂತುಗಳಲ್ಲಿ ಕುಂಟುತ್ತ ಬರುವ ನೋವಿನ ಸುದ್ದಿಗೆ ಪೂರಾ ದಾರಿ ದೊರೆಯುವುದಿಲ್ಲ ಎಂಬುದು ಅವರ ವಾದದ ಸಾರ. ಅವರು ಬರೆದ ವಿವರಗಳಲ್ಲಿ ಕೆಲವು ಮುಂದೆ ತಿದ್ದಲ್ಪಟ್ಟವು. ದ್ವಾರವುಂಟೆಂಬ ಮಾತು ಮಾತ್ರ ನಿಂತಿತು. ಅದಕ್ಕಿಂತಲೂ ದೊಡ್ಡ ಮಾತೆಂದರೆ, ಈ ದ್ವಾರಕ್ಕೆ ಮೇಲಿನಿಂದಲೂ, ಎಂದರೆ ಮಿದುಳಿನಿಂದಲೂ ಅಪ್ಪಣೆಗಳು ಬರುತ್ತವೆ. ಸುದ್ದಿಯನ್ನು ಬಿಡಬೇಕೆ, ತಡೆಯಬೇಕೆ, ಹಿಗ್ಗಿಸಬೇಕೆ ಎಂಬುದನ್ನು ಮಿದುಳೂ ನಿರ್ಣಯಿಸುತ್ತದೆ.

ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆಂಜಿಯೊ ರಣರಂಗದಲ್ಲಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯರಿಗೆ ಒಂದು ವಿಚಿತ್ರ ಕಾಣಿಸಿತು. ಘೋರವಾಗಿ ಗಾಯಗೊಂಡ ಸಿಪಾಯಿಗಳನ್ನು ‘ನೋವಿಗೆ ಮದ್ದು ಕೊಡಲೆ?’ ಎಂದು ಕೇಳಿದರೆ ನಾಲ್ವರಲ್ಲಿ ಮೂವರು ಬೇಡವೆನ್ನುತ್ತಿದ್ದರು. ಅವರಿಗೆ ಪ್ರಜ್ಞೆಯಿತ್ತು, ಮಾತು ಸ್ಪಷ್ಟವಾಗಿತ್ತು. ಯುದ್ಧದ ತರುವಾಯ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಸಾಮಾನ್ಯ ಜನರನ್ನು ಬೀಚರ್ ಗಮನಿಸಿದಾಗ, ಅವರಲ್ಲಿ ಹೆಚ್ಚಿನವರು ಮದ್ದು ಬೇಡುತ್ತಿದ್ದರು. ಸಿಪಾಯಿಗೆ ಗಾಯವೆಂದರೆ ರಣರಂಗದಿಂದ ಜೀವಸಹಿತ ಮನೆಗೆ ಹೋಗಲು ಸಿಕ್ಕಿದ ರಹದಾರಿ. ಊರಿನವನಿಗೆ ಅದೇ ಗಾಯ ಒಂದು ವಿಪತ್ತು.

ಜಾತ್ರೆಗಳಲ್ಲಿ ನಡೆಯುವ ಕಠಿಣ ಹರಕೆಗಳನ್ನು ಈ ಬೆಳಕಿನಲ್ಲಿ ನೋಡಬಹುದು. ಹಳೆಯ ಮೈಸೂರು ಸೀಮೆಯ ಮಾರಮ್ಮನ ಹಬ್ಬಗಳಲ್ಲಿ ಕೆನ್ನೆಯ ಮೂಲಕ ಸಲಾಕೆ ಹಾಯಿಸಿ ‘ಬಾಯಿಬೀಗ’ ಹಾಕಿಸಿಕೊಳ್ಳುವವರುಂಟು. ಹಿಂದಿನ ಕಾಲದಲ್ಲಿ ಬೆನ್ನಿನ ಚರ್ಮಕ್ಕೆ ಕೊಕ್ಕೆ ಚುಚ್ಚಿ, ಉದ್ದನೆಯ ಮರದ ತುದಿಗೆ ನೇತುಹಾಕಿ ತಿರುಗಿಸುವ ಸಿಡಿ ಇತ್ತು. ಈಗ ಸಿಡಿ ಉಳಿದಿರುವ ಅನೇಕ ಊರುಗಳಲ್ಲಿ ಸೊಂಟಕ್ಕೆ ಬಟ್ಟೆ ಕಟ್ಟಿ ತಿರುಗಿಸುತ್ತಾರೆ. ಮೇಲೆ ಹೇಳಿದ ಮೆಲ್ಜಾಕ್ ತಾವು ನೋವನ್ನು ಕುರಿತು ಬರೆದ ಗ್ರಂಥದಲ್ಲಿ ಭಾರತದ ಈ ಸಿಡಿಯನ್ನು ಉದಾಹರಿಸಿದ್ದಾರೆ. ನೇತಾಡುವವನ ಮುಖದಲ್ಲಿ ಯಾತನೆಯ ಬದಲು ಒಂದು ಆವೇಶದ ಸಂತೋಷ ಕಾಣುವುದೇ ಅವರ ಕುತೂಹಲಕ್ಕೆ ಕಾರಣ. ಕೆಂಡ ಹಾಯುವುದನ್ನು ಮಾತ್ರ ಈ ಸಾಲಿಗೆ ಸೇರಿಸುವಾಗ ಎಚ್ಚರ ಬೇಕು. ಬೂದಿ ಮುಚ್ಚಿದ ಕೆಂಡ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಹೆಜ್ಜೆ ಅಲ್ಲಿ ನಿಲ್ಲುವುದೂ ಕ್ಷಣಮಾತ್ರ. ಭಕ್ತಿಯ ಪಾಲಿನೊಡನೆ ಬೂದಿಯ ಪಾಲೂ ಅದರಲ್ಲಿದೆ. ನಡುವೆ ನಿಂತವನ ಕಾಲು ಎಷ್ಟೇ ಭಕ್ತನದಾದರೂ ಸುಟ್ಟೇ ಸುಡುತ್ತದೆ.

ಮಿದುಳು ನೋವನ್ನು ಹೇಗೆ ತಡೆಯುತ್ತದೆ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಸ್ ಎಂಬವರು ಹಂದಿಯ ಮಿದುಳಿನಿಂದ ಅಫೀಮಿನಂತೆ ವರ್ತಿಸುವ ವಸ್ತುಗಳನ್ನು ಬೇರ್ಪಡಿಸಿದರು. ದೇಹ ತನ್ನ ಅಫೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಆಗ ಗೊತ್ತಾಯಿತು. ಮೂರು ವರ್ಷಗಳ ನಂತರ ನಡೆದ ಒಂದು ಪರೀಕ್ಷೆಯಂತೂ ಮನೋಜ್ಞವಾಗಿದೆ. ಬುದ್ಧಿಹಲ್ಲು ಕೀಳಿಸಿಕೊಂಡ ರೋಗಿಗಳಿಗೆ ಸತ್ವವೇ ಇಲ್ಲದ ಮದ್ದನ್ನು ನೋವಿನ ಔಷಧವೆಂಬ ನಿರೀಕ್ಷೆ ಹುಟ್ಟುವಂತೆ ಕೊಟ್ಟಾಗ ಹಲವರಿಗೆ ನೋವು ಇಳಿಯಿತು. ಆದರೆ ಅಫೀಮಿನ ಗುಣವನ್ನು ಮುರಿಯುವ ಮದ್ದನ್ನು ಅವರಿಗೆ ತಿಳಿಯದಂತೆ ಕೊಟ್ಟರೆ ಇಳಿದ ನೋವು ಹಿಂತಿರುಗಿತು! ನಂಬಿಕೆಯಿಂದ ಆದ ಉಪಶಮನವೂ ದೇಹದೊಳಗಿನ ಒಂದು ರಸದ ಮೂಲಕವೇ ನಡೆದಿತ್ತು ಎಂದಾಯಿತು. ಮಾರಮ್ಮನ ಮುಂದೆ ಈರುಳ್ಳಿ ತೂರಿ ‘ಹಗುರಾಯಿತು’ ಎನ್ನುವ ಮುದುಕಿಯ ಮಾತನ್ನು ನಗುವ ವಿದ್ಯಾವಂತರು ಈ ಪರೀಕ್ಷೆಯನ್ನು ನೆನೆಯುವುದು ಒಳ್ಳೆಯದು. ಆಕೆಗೆ ಹಗುರಾದದ್ದು ನಿಜವಿರಬಹುದು. ಹುಣ್ಣು ಮಾಯುವುದು ಮಾತ್ರ ಬೇರೆಯ ವಿಷಯ. ಅದಕ್ಕೆ ಔಷಧವೇ ಬೇಕು.

ಮಿದುಳು ತಡೆಯುವಂತೆಯೇ ದೇಹವು ನೋವನ್ನು ಹಿಗ್ಗಿಸುವುದೂ ಉಂಟು. ಬಿಸಿಲಿನಲ್ಲಿ ಬೆಂದ ಬೆನ್ನಿಗೆ ಉಗುರುಬೆಚ್ಚಗಿನ ನೀರೂ ಕಾದ ನೀರಿನಂತೆ ತಾಗುತ್ತದೆ. ಗಾಯಗೊಂಡ ಕಡೆ ಒಸರುವ ರಸಗಳು ನರದ ಬಾಗಿಲುಗಳನ್ನು ಸಡಿಲಗೊಳಿಸಿ, ಸ್ವಲ್ಪ ತಟ್ಟಿದರೂ ತೆರೆಯುವಂತೆ ಮಾಡಿರುತ್ತವೆ. ಗಾಯವಾದ ಕೈಯನ್ನು ಹುಷಾರಾಗಿ ಕಾಪಾಡಿಕೋ ಎಂಬ ಎಚ್ಚರಿಕೆ ಅದು. ಮನೆಮನೆಯಲ್ಲಿರುವ ಆಸ್ಪಿರಿನ್ ಗುಳಿಗೆ ಈ ರಸಗಳಲ್ಲೊಂದು ತಯಾರಾಗದಂತೆ ತಡೆಯುತ್ತದೆ ಎಂಬುದನ್ನು ಜಾನ್ ವೇನ್ 1971ರಲ್ಲಿ ತೋರಿಸಿದರು. ಗುಳಿಗೆ ಬಳಕೆಗೆ ಬಂದು ಆಗಲೇ ಎಪ್ಪತ್ತು ವರ್ಷ ಮೀರಿತ್ತು!

ಇಷ್ಟೆಲ್ಲ ಕಾಡುವ ನೋವು ಇಲ್ಲದೆಯೇ ಹೋದರೆ? ಅಂಥವರು ಇದ್ದಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳನ್ನು ಕುರಿತದ್ದು. ಆ ಕುಟುಂಬಗಳ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ನೋವು ತಿಳಿಯುತ್ತಿರಲಿಲ್ಲ; ಸ್ಪರ್ಶ, ಬಿಸಿ, ತಂಪು ಎಲ್ಲವೂ ತಿಳಿಯುತ್ತಿದ್ದವು. ನೋವಿನ ತಂತುಗಳಲ್ಲಿನ ಸೋಡಿಯಂ ಬಾಗಿಲುಗಳಲ್ಲಿ ಒಂದು ಬಗೆಯದು ಅವರಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಈ ಅಧ್ಯಯನಕ್ಕೆ ಪ್ರೇರಣೆಯಾದ ಬಾಲಕನೊಬ್ಬ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಹಣ ಸಂಪಾದಿಸುತ್ತಿದ್ದನು. ಹದಿನಾಲ್ಕು ತುಂಬುವ ಮೊದಲೇ ಮಾಳಿಗೆಯಿಂದ ಹಾರಿ ಸತ್ತನು. ಉಳಿದ ಮಕ್ಕಳ ತುಟಿ, ನಾಲಗೆಗಳಲ್ಲಿ ಅವರೇ ಕಚ್ಚಿಕೊಂಡ ಗಾಯಗಳಿದ್ದವು.

ಇಂಥ ಹುಟ್ಟು ದೋಷ ಅತಿ ಅಪರೂಪ. ಬದುಕಿನ ನಡುವೆ ನೋವನ್ನು ಕಳೆದುಕೊಳ್ಳುವವರು ಅಪರೂಪವಲ್ಲ. ಅವರಲ್ಲಿ ಒಂದು ವರ್ಗ ಕುಷ್ಠರೋಗಿಗಳು. ಕುಷ್ಠದಲ್ಲಿ ಬೆರಳುಗಳು ಕೊಳೆತು ಉದುರುತ್ತವೆಂದು ಜನ ಬಹುಕಾಲ ನಂಬಿದ್ದರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಜನಿಸಿ, 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಇದು ತಪ್ಪೆಂದು ತೋರಿಸಿದರು. ರೋಗಾಣು ನರಗಳನ್ನು ಕೆಡಿಸುತ್ತದೆ. ನೋವು ತಿಳಿಯದ ಕೈ ಬಿಸಿ ಪಾತ್ರೆಯನ್ನು ಹಿಡಿಯುತ್ತದೆ, ಗುದ್ದಲಿಯ ಕಾವಿನಲ್ಲಿ ಎದ್ದ ಮೊಳೆ ಅಂಗೈಯನ್ನು ಸೀಳಿದರೂ ಅಗೆಯುತ್ತಲೇ ಇರುತ್ತದೆ. ಬೆರಳು ಹಾಳಾಗುವುದು ಈ ಗಾಯಗಳಿಂದ. ವೆಲ್ಲೂರಿನ ಆಶ್ರಯದಲ್ಲಿದ್ದ ಕೆಲವು ರೋಗಿಗಳ ಬೆರಳುಗಳು ರಾತ್ರಿ ಬೆಳಗಾಗುವುದರೊಳಗೆ ಮೊಟಕಾಗುತ್ತಿದ್ದ ರಹಸ್ಯವನ್ನು ಕಾವಲು ಕುಳಿತು ನೋಡಿದಾಗ, ಇಲಿಗಳು ಬಂದು ಕಡಿಯುತ್ತಿದ್ದವು. ಮಲಗಿದವನಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆ ಮೇಲೆ ಅಲ್ಲಿ ಬೆಕ್ಕುಗಳನ್ನು ಸಾಕಲಾಯಿತು.

ಬ್ರ್ಯಾಂಡರ ಬಾಳಿನಲ್ಲಿಯೇ ಒಂದು ರಾತ್ರಿ ಬಂದಿತು. ಇಂಗ್ಲೆಂಡಿನಲ್ಲಿ ದೀರ್ಘವಾದ ರೈಲು ಪ್ರಯಾಣ ಮುಗಿಸಿ ಕೋಣೆಗೆ ಬಂದು ಕಾಲುಚೀಲ ಕಳಚುವಾಗ ಅವರ ಹಿಮ್ಮಡಿಗೆ ಸ್ಪರ್ಶ ತಿಳಿಯಲಿಲ್ಲ. ಸೂಜಿ ಚುಚ್ಚಿದರು, ರಕ್ತ ಬಂದಿತು, ನೋವು ಬರಲಿಲ್ಲ. ಕುಷ್ಠ ತಮಗೂ ಅಂಟಿತೆಂದು, ಹೆಂಡತಿ ಮಕ್ಕಳಿಂದ ದೂರವಾಗಿ ಬಾಳಬೇಕಾದ ದಿನಗಳನ್ನು ಲೆಕ್ಕಹಾಕುತ್ತ ರಾತ್ರಿಯೆಲ್ಲ ಎಚ್ಚರವಾಗಿ ಮಲಗಿದ್ದರು. ಬೆಳಗ್ಗೆ ಮತ್ತೆ ಸೂಜಿ ಚುಚ್ಚಿದಾಗ ನೋವಿನಿಂದ ಕೂಗಿಬಿಟ್ಟರು. ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕುಳಿತು ನರ ಜೋಮುಗಟ್ಟಿತ್ತು, ಅಷ್ಟೆ. ಆ ಕೂಗಿನಷ್ಟು ಸಂತೋಷವನ್ನು ತಾವು ಎಂದೂ ಅನುಭವಿಸಿರಲಿಲ್ಲವೆಂಬಂತೆ ಅವರು ಮುಂದೆ ಅದನ್ನು ನೆನೆಯುತ್ತಿದ್ದರು. ಅಮೆರಿಕಕ್ಕೆ ಹೋದ ಮೇಲೆ ಅವರು ಕೃತಕವಾದ ನೋವನ್ನು ನಿರ್ಮಿಸಲು ಯತ್ನಿಸಿದರು. ಕೈಚೀಲ, ಕಾಲುಚೀಲಗಳಲ್ಲಿ ಸೂಕ್ಷ್ಮ ಯಂತ್ರಗಳನ್ನಿಟ್ಟು, ಒತ್ತಡ ಹೆಚ್ಚಿದಾಗ ಶಬ್ದವಾಗುವಂತೆ ಮಾಡಿದರು. ರೋಗಿಗಳು ಶಬ್ದವನ್ನು ಲಕ್ಷಿಸಲಿಲ್ಲ. ವಿದ್ಯುತ್ತಿನ ಪೆಟ್ಟು ಕೊಟ್ಟರು. ರೋಗಿಗಳು ಕೆಲಸ ಮುಗಿಯುವವರೆಗೆ ಗುಂಡಿ ಒತ್ತಿ ಯಂತ್ರವನ್ನೇ ನಿಲ್ಲಿಸಿದರು. ಕೊನೆಗೆ ಪ್ರಯತ್ನವನ್ನು ಕೈಬಿಡಬೇಕಾಯಿತು.

ಕುಷ್ಠಕ್ಕೆ ಈಗ ಪೂರ್ಣ ಗುಣ ಕೊಡುವ ಔಷಧಗಳಿವೆ. ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ಔಷಧ ರೋಗಾಣುವನ್ನು ಕೊಲ್ಲಬಲ್ಲುದೇ ಹೊರತು ಸತ್ತ ನರವನ್ನು ಬದುಕಿಸಲಾರದು. ಆದುದರಿಂದ ಬೇಗ ಹೋಗಬೇಕು. ತೊಡಕು ಇರುವುದು ಇಲ್ಲಿಯೇ. ಉರಿಯುವ ಹುಣ್ಣಿಗೆ, ನವೆಯ ಕಜ್ಜಿಗೆ ಜನ ಮಾರಮ್ಮನಿಗೂ ಹರಕೆ ಹೊರುತ್ತಾರೆ, ಡಾಕ್ಟರ ಬಳಿಗೂ ಓಡುತ್ತಾರೆ. ಮೈಮೇಲೆ ಎದ್ದ ಮಾಸಲು ಮಚ್ಚೆ ನವೆಯಾಗದೆ, ಉರಿಯದೆ, ಚಿವುಟಿದರೂ ತಿಳಿಯದೆ ಸುಮ್ಮನಿದ್ದರೆ ಅದರ ಗೊಡವೆಗೆ ಯಾರೂ ಹೋಗುವುದಿಲ್ಲ. ತೋರಿಸಬೇಕಾದ ಮಚ್ಚೆ ಅದು.

ಪಟ್ಟಣದ ಕುಟುಂಬಗಳಲ್ಲಿ ಈ ಮಾತು ಬೇರೊಂದು ರೂಪದಲ್ಲಿ ಬಾಗಿಲಿಗೆ ಬಂದಿದೆ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಿಹಿಮೂತ್ರ ರೋಗವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿತು. ರಕ್ತದಲ್ಲಿ ಸಕ್ಕರೆ ವರ್ಷಾನುಗಟ್ಟಲೆ ಹೆಚ್ಚಾಗಿಯೇ ಉಳಿದರೆ ಅತಿ ಉದ್ದವಾದ ನರಗಳು ಮೊದಲು ಕೆಡುತ್ತವೆ. ಅತಿ ಉದ್ದವಾದವು ಕಾಲಿನವು. ಆರಂಭದಲ್ಲಿ ಪಾದ ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ. ಆಮೇಲೆ ಒಂದು ದಿನ ಉರಿ ನಿಲ್ಲುತ್ತದೆ. ‘ಈಗ ಕಾಲುರಿ ವಾಸಿಯಾಯಿತು’ ಎಂದು ಮನೆಯ ಹಿರಿಯರು ಸಂತೋಷದಿಂದ ಹೇಳುವುದುಂಟು. ಕೆಲವೊಮ್ಮೆ ಅದು ವಾಸಿಯಾದದ್ದಲ್ಲ. ಸುದ್ದಿ ತರುವ ತಂತು ಸತ್ತದ್ದು.

ಅಂಥ ಹಿರಿಯರು ಜಾತ್ರೆಗೋ ತೀರ್ಥಕ್ಷೇತ್ರಕ್ಕೋ ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಕಲ್ಲುಚಪ್ಪಡಿಯ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿ ಬರುತ್ತಾರೆ. ಪಕ್ಕದವರು ಕಾಲೆತ್ತಿ ಕುಣಿಯುತ್ತಿದ್ದರೂ ಅವರು ಶಾಂತರಾಗಿ ನಡೆಯುತ್ತಾರೆ. ಮನೆಗೆ ಬಂದು ಕಾಲು ತೊಳೆಯುವಾಗ ಸೊಸೆಯೋ ಮೊಮ್ಮಗಳೋ ಅಂಗಾಲಿನ ಬೊಬ್ಬೆಯನ್ನು ಕಂಡು ಹೌಹಾರುತ್ತಾರೆ. ನೋವಿಲ್ಲದ ಕಾರಣ ಆ ಬೊಬ್ಬೆಯ ಮೇಲೆಯೇ ಮತ್ತೆ ನಡೆದಾಡಿ, ಅದು ಹುಣ್ಣಾಗಿ, ಹುಣ್ಣು ಎಲುಬಿಗಿಳಿದು, ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಪ್ರಸಂಗಗಳು ಆಸ್ಪತ್ರೆಗಳಲ್ಲಿ ನಿತ್ಯದ ಸಂಗತಿ.

ಪಾದ ನೋವನ್ನು ಮರೆತಿದೆಯೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ವೈದ್ಯರ ಬಳಿ ಹಿಡಿಗೆ ಸಿಕ್ಕಿಸಿದ ನೈಲಾನ್ ಎಳೆಯೊಂದಿರುತ್ತದೆ. 10 ಗ್ರಾಂ ಭಾರದಷ್ಟು ಒತ್ತಿದಾಗ ಅದು ಬಾಗುತ್ತದೆ. ರೋಗಿಯ ಕಣ್ಣು ಮುಚ್ಚಿಸಿ, ಪಾದದ ಹಲವು ಕಡೆ ಅದನ್ನು ಒತ್ತಿ ‘ತಿಳಿಯಿತೆ?’ ಎಂದು ಕೇಳುತ್ತಾರೆ. ತಿಳಿಯದ ಕಡೆ ಮುಳ್ಳೂ ತಿಳಿಯಲಾರದು, ಕಾದ ಕಲ್ಲೂ ತಿಳಿಯಲಾರದು. ಸಿಹಿಮೂತ್ರವುಳ್ಳವರು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸ್ಪರ್ಶ ಹೋಗಿರುವವರು ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದು, ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಳಕೈಯಿಂದ ನೋಡಬೇಕು, ಕಾಲಿಗೆ ಬಿಸಿನೀರಿನ ಚೀಲ ಇಡಬಾರದು. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕಲ್ಲು, ಮೊಳೆಗಳಿವೆಯೆ ಎಂದು ಕೈಯಾಡಿಸಿ ನೋಡಬೇಕು. ದೇವರ ಹರಕೆಯಿದ್ದರೆ ದಪ್ಪ ಕಾಲುಚೀಲ ಹಾಕಿಕೊಂಡು, ನೆಲ ಕಾಯುವ ಮುನ್ನ ಮುಂಜಾನೆಯೇ ಹೋಗಿ ಬರಬಹುದು. ಪ್ರತಿ ರಾತ್ರಿ ಮಲಗುವ ಮುನ್ನ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಬೇಕು. ಬೆನ್ನು ಬಾಗದವರಿಗೆ ನೆಲದ ಮೇಲಿಟ್ಟ ಒಂದು ಕನ್ನಡಿ ಸಾಕು, ಇಲ್ಲವೆ ಮೊಮ್ಮಕ್ಕಳಲ್ಲಿ ಯಾರಾದರೊಬ್ಬರು ನೋಡಿ ಹೇಳಬಹುದು.